ಕೆಟ್ಟ ಲೇಖನಿಯನ್ನು ಎಸೆಯುವ ಮುನ್ನ

ಪ್ರಯೋಗಶಾಲೆಯಲ್ಲಿ ತಪ್ಪಿದ ಕೆಲಸಕ್ಕೆ ಎರಡೇ ಗತಿಗಳೆಂದು ನಮ್ಮಲ್ಲಿ ಅನೇಕರು ತಿಳಿದಿರುವಂತೆ ತೋರುತ್ತದೆ. ತಪ್ಪಿದುದು ವಸ್ತುವಾದರೆ ಕಸದ ಬುಟ್ಟಿಗೆ ಹೋಗುತ್ತದೆ. ಅಂಕಿಯಾದರೆ ರಬ್ಬರಿನ ಉಜ್ಜಿಗೆ ಅಳಿದುಹೋಗುತ್ತದೆ. ಈ ಎರಡು ಪದ್ಧತಿಗಳೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕವಲ್ಲವೆಂದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಮ್ಮನ್ನು ತಂದವು ಯಾವ ದೊಡ್ಡ ಗ್ರಂಥಗಳೂ ಅಲ್ಲ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಏಳು ಕೆಟ್ಟ ಲೇಖನಿಗಳು.

ನಮ್ಮ ಕಾಲೇಜಿನ ವಿಜ್ಞಾನ ಸಂಘದ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಮರದ ಲೇಖನಿಗಳನ್ನು ಕಡೆಯುವ ಕೆಲಸಕ್ಕೆ ಕೈಹಾಕಿದರು. ಕಾರ್ಯಾಗಾರದ ಮೂಲೆಯಲ್ಲಿ ಬಹುದಿನಗಳಿಂದ ಸುಮ್ಮನಿದ್ದ ಸಣ್ಣ ಲೇತ್ ಯಂತ್ರವೊಂದಿತ್ತು. ಹತ್ತಿರದ ಬಡಗಿಯ ಅಂಗಡಿಯಲ್ಲಿ ಹಲಸು, ತೇಗ, ಬೀಟೆಗಳ ತುಂಡುಗಳು ಕೇಳಿದಷ್ಟು ದೊರೆಯುತ್ತಿದ್ದವು. 12 ಲೇಖನಿಗಳು ಆರಂಭವಾದವು; 6 ಮುಗಿದವು; ಉಳಿದ 6 ಒಂದಲ್ಲ ಒಂದು ಹಂತದಲ್ಲಿ ಕೆಟ್ಟು, ‘ಕೆಟ್ಟವು’ ಎಂದು ಬರೆದ ಪೆಟ್ಟಿಗೆಯನ್ನು ಸೇರಿದವು. ಮುಗಿದ ಆರರಲ್ಲಿ ಒಂದು ಮುಂದಿನ ಬೇಸಿಗೆಯಲ್ಲಿ ಉದ್ದಕ್ಕೆ ಬಿರಿದುದರಿಂದ ಪೆಟ್ಟಿಗೆಯ ಸಂಖ್ಯೆ 7 ಆಯಿತು. ವರ್ಷದ ಕೊನೆಯಲ್ಲಿ ಕಾರ್ಯಾಗಾರವನ್ನು ಶುಚಿಮಾಡುವಾಗ ಆ ಪೆಟ್ಟಿಗೆಯನ್ನು ಎಸೆಯಿರೆಂದು ಹೇಳಿದವರು ನಾವೇ. ಅದನ್ನು ಎತ್ತಿಕೊಂಡ ವಿದ್ಯಾರ್ಥಿನಿಯು ಬಾಗಿಲ ಬಳಿ ನಿಂತು, “ಸಾರ್, ಕೆಟ್ಟಿರುವುದು ಮರ, ಒಳಗಿನ ಹಿತ್ತಾಳೆ ಕೆಟ್ಟಿಲ್ಲವಲ್ಲ?” ಎಂದು ಕೇಳಿದಳು. ಪೆಟ್ಟಿಗೆಯು ಮತ್ತೆ ಮೇಜಿನ ಮೇಲೆ ಬಂದಿತು.

ಮುಂದಿನ ಮಾತು ತಿಳಿಯಬೇಕಾದರೆ ಇಂತಹ ಲೇಖನಿಯ ರಚನೆಯನ್ನು ಮೊದಲು ಅರಿಯಬೇಕು. ಚೌಕಾಕಾರದ ಎರಡು ಸಣ್ಣ ಮರದ ತುಂಡುಗಳಿಗೆ ಉದ್ದಕ್ಕೂ 7 ಮಿ.ಮೀ. ವ್ಯಾಸದ ರಂಧ್ರವನ್ನು ಬೈರಿಗೆಯಿಂದ ಕೊರೆಯುತ್ತಾರೆ. ಆ ರಂಧ್ರದೊಳಗೆ ತೆಳುವಾದ ಹಿತ್ತಾಳೆಯ ಕೊಳವೆಯನ್ನು ಅಂಟು ಹಚ್ಚಿ ಕೂರಿಸುತ್ತಾರೆ. ಅಂಟು ಆರಿದ ಮೇಲೆ ತುಂಡುಗಳನ್ನು ಉಕ್ಕಿನ ಕದಿರಿಗೆ ಪೋಣಿಸಿ, ಲೇತಿಗೆ ಹಿಡಿಸಿ, ತಿರುಗುತ್ತಿರುವಾಗ ಉಳಿಯಿಂದ ಕಡೆದು ದುಂಡಗೆ ಮಾಡುತ್ತಾರೆ. ಬಳಿಕ ಉಪ್ಪುಕಾಗದದಿಂದ ಉಜ್ಜಿ ಮೆರುಗು ಕೊಡುತ್ತಾರೆ. ಕಡೆಯಲ್ಲಿ ಮೊನೆ, ನಡುವಿನ ಬಳೆ, ಕ್ಲಿಪ್ಪು ಮತ್ತು ರೀಫಿಲ್ಲನ್ನು ಮುಂದೆ ಹಿಂದೆ ಸರಿಸುವ ತಿರುಚು ಭಾಗ, ಇವುಗಳನ್ನು ಕೊಳವೆಗಳ ಬಾಯಿಗಳಿಗೆ ಒತ್ತಿ ಕೂರಿಸುತ್ತಾರೆ. ಇಲ್ಲಿ ತಿರುಪು ಮೊಳೆಗಳಿಲ್ಲ. ಬಿಗಿಯಾದ ಘರ್ಷಣೆಯೇ ಅವುಗಳನ್ನು ಹಿಡಿದಿಟ್ಟಿರುತ್ತದೆ. ಕಣ್ಣಿಗೆ ಬೀಳುವುದು ಮರವಾದರೂ ಲೇಖನಿಯ ಬೆನ್ನೆಲುಬು ಹಿತ್ತಾಳೆಯೇ ಆಗಿದೆ.

ಈಗ ಪೆಟ್ಟಿಗೆಯನ್ನು ಬಿಚ್ಚೋಣ. ಮೊದಲಿನ ಎರಡು ಬೀಟೆಯ ತುಂಡುಗಳು ಕೊರೆಯುವಾಗಲೇ ಕೆಟ್ಟಿದ್ದವು. ಬೈರಿಗೆಯು ಮರದೊಳಗೆ ಸಾಗುತ್ತಿರುವಷ್ಟು ಕಾಲ ಮುಂದಿನ ಮರವು ಅದರ ಒತ್ತಡವನ್ನು ತಾಳಿಕೊಳ್ಳುತ್ತದೆ. ಆಚೆಯ ಕೊನೆಯನ್ನು ಮುಟ್ಟುವಾಗ ಉಳಿದ ತೆಳುಪದರಕ್ಕೆ ಬೆನ್ನಾಸರೆಯಿಲ್ಲ. ನಾರುಗಳು ಕತ್ತರಿಸುವ ಬದಲು ಸಿಡಿದು ಹಾರುತ್ತವೆ. ಕಾರಣವು ತಿಳಿದೊಡನೆ ಎರಡು ಸಂಗತಿಗಳು ಸ್ಪಷ್ಟವಾದವು. ಕೊರೆಯುವ ತುಂಡಿನ ಕೆಳಗೆ ಒಂದು ಹಳೆಯ ಹಲಗೆಯನ್ನು ಒತ್ತಾಗಿ ಇಟ್ಟರೆ ಈ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಮತ್ತು ಕೆಟ್ಟಿರುವುದು ಕೊನೆಯ ಅರ್ಧ ಅಂಗುಲ ಮಾತ್ರ, ಉಳಿದ ಭಾಗವೆಲ್ಲ ಸರಿಯಾದ ರಂಧ್ರವುಳ್ಳ ಒಳ್ಳೆಯ ಬೀಟೆ. ಅದನ್ನು ಬಳೆಗಳಂತೆ ಕೊಯ್ದು ಇಡಲಾಯಿತು. ಆ ಬಳೆಗಳ ಉಪಯೋಗವು ಮುಂದೆ ಬರುತ್ತದೆ.

ಮೂರನೆಯದರಲ್ಲಿ ಉಳಿಯು ಕಚ್ಚಿಕೊಂಡು ಒಂದು ದೊಡ್ಡ ಚಕ್ಕೆಯು ಹಾರಿಹೋಗಿತ್ತು. 18 ಮಿ.ಮೀ. ವ್ಯಾಸದ ಮರವು ನಿಮಿಷಕ್ಕೆ 2500 ಸುತ್ತು ತಿರುಗುವಾಗ ಅದರ ಮೈ ಸೆಕೆಂಡಿಗೆ ಸುಮಾರು 2.4 ಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಉಳಿಯ ಅಲಗು ನಾರಿನ ಅಡಿಗೆ ಹೊಕ್ಕರೆ ಸೀಳುವಿಕೆಯು ಕೈ ಹಿಂತೆಗೆಯುವುದಕ್ಕೆ ಮೊದಲೇ ಮುಗಿದಿರುತ್ತದೆ. ಇದನ್ನು ಕಡೆದ ಹುಡುಗನು ಅಂದೇ ಲೇತಿನ ಕೆಳಗಿನ ಹೊಟ್ಟನ್ನೆಲ್ಲ ಜಾಲಾಡಿ, ಆ ಚಕ್ಕೆಯನ್ನು ಹುಡುಕಿ, ಕಾಗದದಲ್ಲಿ ಸುತ್ತಿ ಲೇಖನಿಯೊಡನೆಯೇ ಇಟ್ಟಿದ್ದನು. ಅದು ಬಹು ಜಾಣತನದ ಕೆಲಸ. ಗರಗಸದಿಂದ ಕೊಯ್ದ ಎರಡು ತುಂಡುಗಳು ಮತ್ತೆ ಕೂಡಿದರೂ ಒಂದಕ್ಕೊಂದು ಸರಿಹೊಂದಲಾರವು. ಹಲ್ಲಿನ ಅಗಲದಷ್ಟು ಮರವು ಪುಡಿಯಾಗಿ ಹೋಗಿರುತ್ತದೆ. ಸೀಳಿದ ಚಕ್ಕೆಯಲ್ಲಿಯಾದರೋ ಏನೂ ನಷ್ಟವಾಗಿರುವುದಿಲ್ಲ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ. ಮೈ ಒರಟಾಗಿರುವುದರಿಂದ ಅಂಟಿಗೆ ದೊರೆಯುವ ಜಾಗವೂ ಹೆಚ್ಚು. ಅಂಟಿಸಿ, ಒಂದು ದಿನ ಬಿಟ್ಟು, ಹಗುರವಾಗಿ ಕಡೆದಾಗ ಕೂಡಿದ ಗೆರೆಯು ನಾರಿನ ಗೆರೆಗಳಲ್ಲಿ ಬೆರೆತುಹೋಯಿತು.

ನಾಲ್ಕನೆಯ ಮತ್ತು ಐದನೆಯ ಲೇಖನಿಗಳನ್ನು ಅಗತ್ಯಕ್ಕಿಂತ ತೆಳುವಾಗಿ ಕಡೆದಿದ್ದರು. ಬೆರಳಾಡಿಸಿದರೆ ಮರವು ಮುಗಿದು ಲೋಹವು ಆರಂಭವಾಗುವಲ್ಲಿ ಒಂದು ಮೆಟ್ಟಿಲು ತಗಲುತ್ತಿತ್ತು. ಮರವನ್ನು ತೆಗೆಯುವುದು ಸುಲಭ. ತೆಗೆದುದನ್ನು ಮತ್ತೆ ಇಡುವ ಉಳಿಯಿಲ್ಲ. ನಾಲ್ಕನೆಯದರಲ್ಲಿ ತಪ್ಪು ಒಂದು ತುದಿಗೆ ಮಾತ್ರ ಸೇರಿತ್ತು. ಆ ತುದಿಯ ಹಲಸನ್ನು ಹಿತ್ತಾಳೆಯು ಕಾಣುವವರೆಗೆ ಕಡೆದುಹಾಕಿ, ಆ ಜಾಗಕ್ಕೆ ಮೊದಲೇ ಕೊಯ್ದಿಟ್ಟಿದ್ದ ಬೀಟೆಯ ಬಳೆಯನ್ನು ತೊಡಿಸಿ ಅಂಟಿಸಿದರು. ಹಳದಿಯ ಹಲಸಿನ ಕೊನೆಯಲ್ಲಿ ಕಪ್ಪು ಬೀಟೆಯ ಪಟ್ಟಿಯು ಮೊದಲಿನಿಂದಲೂ ಇರಬೇಕಾಗಿದ್ದುದೆಂಬಂತೆ ಕಾಣುತ್ತದೆ. ಐದನೆಯದರಲ್ಲಿ ಮೈಯೆಲ್ಲ ತೆಳುವಾಗಿದ್ದುದರಿಂದ ಮರವನ್ನು ಪೂರ್ತಿಯಾಗಿ ಕಡೆದು ಕೊಳವೆಯನ್ನು ಹೊರತೆಗೆದು, ಅರದಿಂದ ಉಜ್ಜಿ, ಹೊಸ ತುಂಡಿಗೆ ಕೂರಿಸಲಾಯಿತು. ಆರನೆಯದರಲ್ಲಿ ಮರದ ತಪ್ಪೇನೂ ಇರಲಿಲ್ಲ. ತಿರುಚು ಭಾಗವನ್ನು ಅತಿಯಾಗಿ ಒಳಗೆ ಒತ್ತಿದ್ದರಿಂದ ರೀಫಿಲ್ಲು ಎಂದೂ ಒಳಕ್ಕೆ ಸೇರುತ್ತಿರಲಿಲ್ಲ. ಅದರೊಳಗಿನಿಂದ ಸಣ್ಣ ಉಕ್ಕಿನ ಕಡ್ಡಿಯನ್ನು ಹಾಯಿಸಿ ಮೊನೆಯನ್ನು ಮೆಲ್ಲನೆ ತಟ್ಟಿ ಬಿಡಿಸಿ, ಬಳಿಕ ಮೊನೆಯ ಕಡೆಯಿಂದ ದಪ್ಪ ಕಡ್ಡಿಯಿಟ್ಟು ತಿರುಚು ಭಾಗವನ್ನು ಎರಡು ಮಿ.ಮೀ. ಹಿಂದಕ್ಕೆ ತಳ್ಳಿದರೆ ಸಾಕಾಯಿತು. ಘರ್ಷಣೆಯಿಂದ ಕೂಡಿದ್ದನ್ನು ಅದೇ ದಾರಿಯಲ್ಲಿ ಬಿಡಿಸಬಹುದು. ಹೀಗೆ ನಾಲ್ಕು ಲೇಖನಿಗಳು ಇಂದು ಬರೆಯುತ್ತಿವೆ.

ಏಳನೆಯದೇ ನಮಗೆ ಪಾಠ ಕಲಿಸಿದ ಲೇಖನಿ. ಅದು ಮಳೆಗಾಲದಲ್ಲಿ ಕಡೆದು ಮುಗಿಸಿದ್ದ, ನೋಡುವುದಕ್ಕೆ ಎಲ್ಲಕ್ಕಿಂತ ಚೆಲುವಾಗಿದ್ದ ಹಲಸಿನ ಲೇಖನಿ. ಮಾರ್ಚಿ ತಿಂಗಳಲ್ಲಿ ಅದು ಮೇಜಿನ ಮೇಲೆ ಇದ್ದಂತೆಯೇ ಬಿರಿಯಿತು. ಏಕೆಂದು ವಿದ್ಯಾರ್ಥಿಗಳು ಕೇಳಿದಾಗ ನಾವು ತಡಮಾಡದೆ ಉತ್ತರವಿತ್ತೆವು: “ಬೇಸಿಗೆಯಲ್ಲಿ ಹಿತ್ತಾಳೆಯು ಹಿಗ್ಗಿದೆ, ಮರವು ಅಷ್ಟು ಹಿಗ್ಗಲಾರದೆ ಒಡೆದಿದೆ.” ಉಷ್ಣದಿಂದ ಲೋಹಗಳು ಹಿಗ್ಗುತ್ತವೆಂಬುದು ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಇರುವುದಷ್ಟೆ. ಕಪ್ಪು ಹಲಗೆಯ ಮೇಲೆ ಚಿತ್ರವನ್ನೂ ಬರೆದು ತೋರಿಸಿದೆವು. ಆಗ ಹಿಂದಿನ ಸಾಲಿನಿಂದ ಒಬ್ಬನು, “ಹಾಗಾದರೆ ಉಳಿದ ಐದು ಏಕೆ ಬಿರಿಯಲಿಲ್ಲ ಸಾರ್? ಬಿಸಿಲು ಎಲ್ಲಕ್ಕೂ ಒಂದೇ ಅಲ್ಲವೆ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ಮನೆಯಲ್ಲಿ ಲೆಕ್ಕವನ್ನು ಮಾಡಿದೆವು. ತರಗತಿಯಲ್ಲಿಯೇ ಅದನ್ನು ಮಾಡಬೇಕಾಗಿತ್ತು. ಹಿತ್ತಾಳೆಯು ಉಷ್ಣತೆಯು ಒಂದು ಡಿಗ್ರಿ ಏರಿದಾಗ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಭಾಗದಷ್ಟು ಹಿಗ್ಗುತ್ತದೆ. 7 ಮಿ.ಮೀ. ವ್ಯಾಸದ ಕೊಳವೆಯು 15 ಡಿಗ್ರಿ ಬಿಸಿಯಾದರೆ ಹೆಚ್ಚುವ ವ್ಯಾಸವು ಸುಮಾರು 0.002 ಮಿ.ಮೀ. ಮಾತ್ರ. ಈಗ ಮರದ ಕಡೆ ನೋಡೋಣ. ಮರವು ಒಣಗುವಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ: ನಾರಿನ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಬಹಳ, ಅಡ್ಡದಲ್ಲಿಯೂ ಕಾಂಡದ ಬೆಳವಣಿಗೆಯ ಉಂಗುರಗಳನ್ನು ಅನುಸರಿಸಿದ ದಿಕ್ಕಿನಲ್ಲಿ, ತಿರುಳಿನಿಂದ ತೊಗಟೆಗೆ ಹೋಗುವ ದಿಕ್ಕಿಗಿಂತ ಸಾಮಾನ್ಯವಾಗಿ ಸುಮಾರು ಎರಡರಷ್ಟು. ಮರದ ತೇವವು ಅದರ ಒಣತೂಕದ 30 ಶೇಕಡದಷ್ಟಕ್ಕೆ ಇಳಿಯುವವರೆಗೆ ಕುಗ್ಗುವಿಕೆಯು ಕಾಣುವುದಿಲ್ಲ. ಅಲ್ಲಿಂದ ಕೆಳಗೆ ಆರಂಭವಾಗುತ್ತದೆ. ಈ ಅಳತೆಯು ಮರದಿಂದ ಮರಕ್ಕೆ ಬೇರೆಯಾದರೂ, ಪೂರ್ತಿ ಒಣಗುವ ಹೊತ್ತಿಗೆ 6 ಶೇಕಡ ಕುಗ್ಗುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತೇವವು 20ರಿಂದ 10 ಶೇಕಡಕ್ಕೆ ಇಳಿದರೆ ಅದರ ಮೂರರಲ್ಲೊಂದು ಭಾಗ, ಎಂದರೆ 2 ಶೇಕಡ, ಕುಗ್ಗಬೇಕು. 7 ಮಿ.ಮೀ. ರಂಧ್ರವು 0.14 ಮಿ.ಮೀ.ನಷ್ಟು ಕಿರಿದಾಗಲು ಬಯಸುತ್ತದೆ; ಒಳಗಿನ ಹಿತ್ತಾಳೆಯು ಅದಕ್ಕೆ ಎಡೆಗೊಡುವುದಿಲ್ಲ. ಬಂಡಿಯ ಚಕ್ರಕ್ಕೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟೆಯು ತಣಿದು ಕುಗ್ಗುವಾಗ ಚಕ್ರವನ್ನು ಬಿಗಿಯುವಂತೆ, ಮರವು ಕೊಳವೆಯನ್ನು ಬಿಗಿಯುತ್ತ ತಾನೇ ಎಳೆತಕ್ಕೆ ಸಿಕ್ಕಿ ಉದ್ದಕ್ಕೆ ಸೀಳುತ್ತದೆ.

ಎರಡು ಸಂಖ್ಯೆಗಳನ್ನು ಹೋಲಿಸಿರಿ: 0.14ರ ಮುಂದೆ 0.002. ನಮ್ಮ ಉತ್ತರದ ದಿಕ್ಕೇನೋ ತಪ್ಪಾಗಿರಲಿಲ್ಲ. ಅದರ ಪ್ರಮಾಣವು ಎಪ್ಪತ್ತು ಪಟ್ಟು ಸಾಲದಾಗಿತ್ತು. ಮರುದಿನ ವಿಚಾರಿಸಿದಾಗ, ಉಳಿದ ಐದನ್ನು ಬಡಗಿಯ ಅಂಗಡಿಯ ಹಳೆಯ, ಚೆನ್ನಾಗಿ ಆರಿದ ಮರದಿಂದ ಮಾಡಿದ್ದರೆಂದೂ, ಇದೊಂದನ್ನು ಮಾತ್ರ ಆ ವರ್ಷ ಕಡಿದ ಹಸಿಯ ಕೊಂಬೆಯಿಂದ ಮಾಡಿದ್ದರೆಂದೂ ತಿಳಿಯಿತು. ಪ್ರಶ್ನೆಯನ್ನು ಕೇಳಿದ ಹುಡುಗನಿಗೂ, ತರಗತಿಗೂ ನಮ್ಮ ಹಿಂದಿನ ದಿನದ ಉತ್ತರವು ತಪ್ಪೆಂದು ತಿಳಿಸಿದೆವು. ಹಾಗೆ ಹೇಳುವುದು ಸುಲಭವಾಗಿತ್ತೆಂದು ಬರೆದರೆ ಅದು ಇನ್ನೊಂದು ತಪ್ಪಾದೀತು. ತರಗತಿಗೆ ಬಂದಾಗ ಹಲಗೆಯ ಮೇಲಿನ ಚಿತ್ರವನ್ನು ಸದ್ದಿಲ್ಲದೆ ಒರಸಿಬಿಡೋಣವೆಂಬ ಆಸೆಯು ನಮಗೂ ಬಂದಿತ್ತು.

ಬಿರಿದ ಲೇಖನಿಯ ಕೊಳವೆಗಳನ್ನು ಬಿಡಿಸುವುದಕ್ಕೂ ಅದೇ ಲೆಕ್ಕವು ನೆರವಾಯಿತು. ಬೆಸುಗೆ ಹಾಕುವ ಕಾವಿನ ಕಡ್ಡಿಯನ್ನು ಕೊಳವೆಯೊಳಗೆ ಹೊಗಿಸಿ 100 ಡಿಗ್ರಿ ಏರಿಸಿದರೂ ಕೊಳವೆಯು ಹಿಗ್ಗುವುದು 0.013 ಮಿ.ಮೀ. ಮಾತ್ರ. ಆದುದರಿಂದ ಅಂಟು ಬಿಡುವುದು ಹಿಗ್ಗುವಿಕೆಯಿಂದಲ್ಲ, ಅಂಟೇ ಮೆತ್ತಗಾಗುವುದರಿಂದ. ಸಣ್ಣ ಟ್ಯೂಬುಗಳಲ್ಲಿ ದೊರೆಯುವ, ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ಕಾವಿಗೆ ಮೆತ್ತಗಾಗುವ ಜಾತಿಯದು. ಅಸಿಟೋನಿನಲ್ಲಿ ನೆನೆಯಿಟ್ಟರೂ ಮೆಲ್ಲಮೆಲ್ಲನೆ ಬಿಡುತ್ತದೆ. ಎರಡು ಟ್ಯೂಬುಗಳಿಂದ ಬೆರಸುವ ಎಪಾಕ್ಸಿ ಅಂಟಾದರೋ ಒಮ್ಮೆ ಗಟ್ಟಿಯಾದ ಬಳಿಕ ಕರಗದು, ಬಿಸಿಯಲ್ಲಿ ದುರ್ಬಲವಾಗುವುದಷ್ಟೆ. ಕಾವನ್ನು ಹೊರಗಿನಿಂದ ಕೊಡದೆ ಒಳಗಿನಿಂದ ಕೊಡುವುದಕ್ಕೂ ಕಾರಣವುಂಟು: ಹಿತ್ತಾಳೆಯು ಮರಕ್ಕಿಂತ ಹಲವು ನೂರು ಪಟ್ಟು ಚೆನ್ನಾಗಿ ಉಷ್ಣವನ್ನು ಒಯ್ಯುತ್ತದೆ.

ಈ ತತ್ತ್ವವು ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಿಗಳು ಆಲೆ ಮರದ ಬೊಂಬೆಗಳನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಣ್ಣವು ಸರಿಯಾಗದಿದ್ದರೆ ಮತ್ತೆ ಕಾವು ಕೊಟ್ಟು ಹರಡಬಹುದು, ಇಲ್ಲವೆ ಕಡೆದುಹಾಕಿ ಹೊಸದಾಗಿ ಹಚ್ಚಬಹುದು. ಹಳ್ಳಿಗಳಲ್ಲಿ ಚೂರಿಯ ಬಾಲವನ್ನು ಮರದ ಹಿಡಿಗೆ ಅರಗಿನಿಂದ ಕೂರಿಸುವ ರೂಢಿಯಲ್ಲಿಯೂ ಇದೇ ಜಾಣ್ಮೆಯುಂಟು. ಹಿಡಿಯು ಒಡೆದಾಗ ಕಾಯಿಸಿದರೆ ಅಲಗು ಬಿಟ್ಟುಬರುತ್ತದೆ. ಹೇಗೆ ಕೂಡಿಸುವುದೆಂಬುದನ್ನು ಬಲ್ಲವರು ಹೇಗೆ ಬಿಡಿಸುವುದೆಂಬುದನ್ನೂ ಮೊದಲೇ ಯೋಚಿಸಿದ್ದರು.

ನಮ್ಮ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. “ಕೆಲವು ರೂಪಾಯಿಗಳ ಕೊಳವೆಗಾಗಿ ಒಂದು ಸಂಜೆಯನ್ನು ಕಳೆದಿರಿ, ಇದು ಯಾವ ಲೆಕ್ಕ?” ಎಂದರು. ಅವರ ಮಾತು ಕಾರ್ಖಾನೆಗೆ ಸರಿ. ಅಲ್ಲಿ ಬೇಕಾದುದು ಲೇಖನಿ. ಸಂಜೆಯು ಅದರ ಬೆಲೆ. ಕಾಲೇಜಿನಲ್ಲಿ ಬೇಕಾದುದೇ ಆ ಸಂಜೆ. ಲೇಖನಿಯು ಅದಕ್ಕೊಂದು ನೆಪ. ಮುಗಿದ ಐದು ಲೇಖನಿಗಳು ನಮಗೆ ಹೆಚ್ಚೇನನ್ನೂ ತಿಳಿಸಲಿಲ್ಲ. ಕೆಟ್ಟ ಏಳರಿಂದ ಬೈರಿಗೆಯ ಒತ್ತಡ, ಸೀಳಿನ ಸ್ವಭಾವ, ಘರ್ಷಣೆ, ಅಂಟು, ಮರದ ತೇವ, ಇವುಗಳ ಪಾಠವಾಯಿತು.

ಹಾಗೆಂದು ಕೆಟ್ಟದ್ದನ್ನೆಲ್ಲ ಉಳಿಸಬೇಕೆಂಬುದು ನಮ್ಮ ವಾದವಲ್ಲ. ಬಿರುಕುಬಿಟ್ಟ ಮರವನ್ನು ಮತ್ತೆ ಲೇತಿಗೆ ಹಿಡಿಸಿ ತಿರುಗಿಸಿದರೆ ಅದು ಚೂರಾಗಿ ಮುಖಕ್ಕೆ ಸಿಡಿಯಬಹುದು. ಕಣ್ಣಿಗೆ ರಕ್ಷಣೆಯಿಲ್ಲದೆ ಯಂತ್ರದ ಮುಂದೆ ಯಾರೂ ನಿಲ್ಲಬಾರದು. ಕಾಯಿಸಿದ ಸಯನೋಅಕ್ರಿಲೇಟಿನ ಆವಿಯು ಕಣ್ಣು ಮೂಗುಗಳನ್ನು ಉರಿಸುತ್ತದೆ. ಅದನ್ನು ಹತ್ತಿಯ ಬಟ್ಟೆಯ ಮೇಲೆ ಹೆಚ್ಚಾಗಿ ಸುರಿದರೆ ಬಟ್ಟೆಯು ಕೈ ಸುಡುವಷ್ಟು ಕಾಯುತ್ತದೆ. ಅಸಿಟೋನಿನ ಹತ್ತಿರ ಬೆಂಕಿಯೂ ಕಾವಿನ ಕಡ್ಡಿಯೂ ಸುಳಿಯಬಾರದು. ಯಾವುದನ್ನು ಉಳಿಸಬಹುದು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಈ ಕಲಿಕೆಯ ಭಾಗವೇ. ಏಳನೆಯ ಲೇಖನಿಯ ಹಿತ್ತಾಳೆಯು ಉಳಿಯಿತು. ಮರವನ್ನು ಸರಿಪಡಿಸಲು ನಾವು ಯತ್ನಿಸಲಿಲ್ಲ. ಬಿರಿದ ಸಿಪ್ಪೆಯು ಲೆಕ್ಕದ ಚೀಟಿಯೊಡನೆ ಗಾಜಿನ ಕಪಾಟಿನಲ್ಲಿದೆ.

ಇನ್ನೊಂದು ಎಚ್ಚರವು ಇದಕ್ಕಿಂತಲೂ ಮುಖ್ಯ. ತಪ್ಪನ್ನು ತಿದ್ದುವುದು ಬೇರೆ, ಮುಚ್ಚುವುದು ಬೇರೆ. ಬಿರುಕಿಗೆ ಮರದ ಪುಡಿಯನ್ನೂ ಅಂಟನ್ನೂ ತುಂಬಿ, ಉಜ್ಜಿ, ಮೆರುಗು ಕೊಟ್ಟು, ಒಡೆಯದ ಲೇಖನಿಯೆಂದು ಇನ್ನೊಬ್ಬರಿಗೆ ಕೊಟ್ಟರೆ ಅದು ವಂಚನೆ. ಬೀಟೆಯ ಬಳೆಯನ್ನು ತೊಡಿಸಿದ ಲೇಖನಿಯು ತನ್ನ ಕಥೆಯನ್ನು ತಾನೇ ಹೇಳುತ್ತದೆ, ಅಲ್ಲಿ ಮರೆಯಿಲ್ಲ.

ಪ್ರಯೋಗದ ದಾಖಲೆ ಪುಸ್ತಕಕ್ಕೆ ಈ ಅಳತೆಯನ್ನು ಹಚ್ಚಿ ನೋಡಿದರೆ ನಮಗೆ ಸಂಕಟವಾಗುತ್ತದೆ. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆಯು 980ರ ಹತ್ತಿರ ಬಾರದಿದ್ದರೆ ನಮ್ಮ ವಿದ್ಯಾರ್ಥಿಗಳು ಮಾಡುವುದೇನು? ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ಕಾಲವನ್ನು ತುಂಬಿಬಿಡುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ನಾವೂ ಹಾಗೆ ಮಾಡಿದ್ದುಂಟು. ಪೂರ್ತಿ ಅಂಕಗಳೂ ದೊರೆತಿದ್ದವು. ಆ ದಿನ ನಮ್ಮ ಮೊದಲ ಅಳತೆಯು ಏಕೆ ತಪ್ಪಿತ್ತು, ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಬಿಟ್ಟೆವೆ, ಒಂದು ಆಂದೋಲನವನ್ನು ಎಣಿಸದೆ ಹೋದೆವೆ ಎಂಬುದು ಇಂದಿಗೂ ನಮಗೆ ತಿಳಿಯದು. ತಿಳಿಯುವ ದಾರಿಯನ್ನು ನಾವೇ ಅಳಿಸಿದ್ದೆವು. ಇದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ಹೊಣೆಮಾಡುವುದು ನ್ಯಾಯವಲ್ಲ. ಸರಿಯಾದ ಉತ್ತರಕ್ಕೆ ಮಾತ್ರ ಅಂಕ ಕೊಡುವ ನಾವು ಅಳಿಸುವುದನ್ನು ಕಲಿಸುತ್ತಿದ್ದೇವೆ.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಪ್ರತಿಯೊಬ್ಬ ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿಯೂ ಕೆಟ್ಟ ಕೆಲಸಕ್ಕಾಗಿ ಕೆಲವು ಪುಟಗಳು ಮೀಸಲಾಗಿರಲಿ. ತಪ್ಪಿದ ಅಂಕಿಯನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆಯನ್ನು ಹೊಡೆದು, ಪಕ್ಕದಲ್ಲಿ ಮೂರು ಮಾತುಗಳನ್ನು ಬರೆಯಲಿ: ಏನು ತಪ್ಪಿತು, ಏಕೆ ತಪ್ಪಿತು, ಅದರಲ್ಲಿ ಉಳಿದ ಒಳ್ಳೆಯದು ಯಾವುದು. ಪರೀಕ್ಷಕರು ಈ ಪುಟಗಳಿಗೂ ಅಂಕಗಳನ್ನು ಕೊಡಲಿ. ಇದರಿಂದ ಪ್ರಯೋಗಗಳು ಕೆಡುವುದು ಹೆಚ್ಚಾಗುವುದೆಂಬ ಅಂಜಿಕೆ ಬೇಡ. ಕೆಡುವುದು ಈಗಲೂ ಇಷ್ಟೇ ಇದೆ. ನಮ್ಮ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೆ.

ಈ ವರ್ಷದ ಲೇಖನಿಗಳ ಕೆಲಸವು ಮತ್ತೆ ಆರಂಭವಾಗಿದೆ. ಕೊರೆಯುವ ತುಂಡಿನ ಕೆಳಗೆ ಈಗ ಹಲಗೆಯಿದೆ. ಮರವನ್ನು ಅಟ್ಟದ ಮೇಲೆ ಹರಡಿ ಆರಲು ಬಿಟ್ಟಿದ್ದಾರೆ. ಪ್ರತಿವಾರ ಒಂದೊಂದು ತುಂಡನ್ನೂ ತೂಗಿ, ತೂಕವು ಇಳಿಯುವುದು ನಿಂತ ಬಳಿಕವೇ ಕಡೆಯುವುದೆಂದು ಅವರೇ ನಿಯಮ ಮಾಡಿಕೊಂಡಿದ್ದಾರೆ. ರಟ್ಟಿನ ಪೆಟ್ಟಿಗೆಯು ಲೇತಿನ ಪಕ್ಕದಲ್ಲಿಯೇ ಇದೆ. ಅದರಲ್ಲಿ ಈಗಾಗಲೇ ಎರಡು ತುಂಡುಗಳು ಬಿದ್ದಿವೆ. ಎರಡಕ್ಕೂ ಚೀಟಿಯನ್ನು ಕಟ್ಟಲಾಗಿದೆ.